ಮೂರನೆಯ ರಾಯ

ಅಪ್ಪ ಒಂಟೆಯನ್ನು ಕಂಡವನಲ್ಲ.
ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ
ಮಣ್ಣು ತುಳಿಯುತ್ತಿದ್ದವನು
ಕ್ಯಾಲೆಂಡರಿನ ಚಿತ್ರ ನೆನಪಿಟ್ಟು ಒಂದು ಎಮ್ಮೆ ಮಾಡಿ
ಬೆನ್ನಿಗೆ ಗುಡ್ಡ ಅಂಟಿಸಿದ.
ಮೇಸ್ತ್ರಿಗೆ ಕಾಣದ ಹಾಗೆ ಹೆಂಚುಗಳ ನಡುವೆ
ಗೂಡಿನಲ್ಲಿಟ್ಟು ಸುಟ್ಟ,
ಮರಿಯಮ್ಮನನ್ನು, ಜುಜೆಯನ್ನು, ಎರಡು ಕುರಿಗಳನ್ನು,
ಬೆರಳುದ್ದದ ಬಾಲಯೇಸುವನ್ನು, ಮೂವರು ರಾಯರನ್ನು.

ಮೂರನೆಯ ರಾಯ ಬೆಂಕಿಯಲ್ಲಿ ಸೀಳಿದ.
ಒಂಟೆ ಉಳಿಯಿತು.
ಅದರ ಹೊಟ್ಟೆಯಡಿ ಹೆಂಚಿನ ಮುದ್ರೆಯ ಒಂದೂವರೆ ಅಕ್ಷರ.
ದೇವರ ಸಹಿ, ಎಂದು ಫೆಲಿಸ್.
ಅಲ್ಲ, ಒಂಟೆಯ ಊರಿನ ಹೆಸರು, ಎಂದು ನಾನು.
ಜಗಳ ಹತ್ತಿ ಇಬ್ಬರಿಗೂ ಬಿತ್ತು.

ಹದಿನೈದು ದಿನ ಮೊದಲೇ
ಗೆರಟೆಗಳಲ್ಲಿ ಭತ್ತ ನೆನೆಹಾಕುತ್ತಿದ್ದೆವು,
ಗೋದಲಿಯ ಸುತ್ತ ಗದ್ದೆ ಬೇಕಲ್ಲ.
ಬೆತ್ಲೆಹೇಮಿನಲ್ಲಿ ಗದ್ದೆ ಇತ್ತೋ ಇಲ್ಲವೋ
ವರ್ಕಾಡಿಯಲ್ಲಿ ಇತ್ತು.
ಅಮ್ಮ ಬೀಡಿ ಕಟ್ಟುವ ನೂಲಿನಿಂದ
ಬಿದಿರಿನ ಕಡ್ಡಿಗೆ ಕಡ್ಡಿ ಬಿಗಿದು
ಬೀಡಿಕಟ್ಟಿನ ಗುಲಾಬಿ ಕಾಗದ ಅಂಟಿಸಿದರೆ ನಕ್ಷತ್ರ.
ಒಳಗೆ ಬಲ್ಬು ಹಾಕಿದ ಮೇಲೆ
ಐದೂ ಮೂಲೆಯಿಂದ ಹೊಗೆಸೊಪ್ಪಿನ ವಾಸನೆ.
ಇಂದಿಗೂ ನನಗೆ ಕ್ರಿಸ್ಮಸ್ ಎಂದರೆ ಅದೇ ವಾಸನೆ,
ಪಾದ್ರಿಗಳು ಕ್ಷಮಿಸಬೇಕು.

ಗುಲಾಬಿ ಹೂವಿನ ಅಚ್ಚು ಇದ್ದದ್ದು ಊರಿಗೆ ಒಂದು.
ಅದು ಮನೆಯಿಂದ ಮನೆಗೆ, ಎಣ್ಣೆಯಿಂದ ಎಣ್ಣೆಗೆ ಹೋಗಿ
ನಮ್ಮ ಸರದಿ ಬರುವಾಗ ಇಪ್ಪತ್ತಮೂರರ ರಾತ್ರಿ.
ಹೊಸ ಬಾಚಣಿಗೆಯ ಹಲ್ಲಿನ ಮೇಲೆ
ಹಿಟ್ಟು ಒತ್ತಿ ಸುರುಳಿ ಸುತ್ತಿದರೆ ಕಿಡಿಯೊ.
ಹಬ್ಬ ಮುಗಿದ ಮೇಲೆ ಅದೇ ಬಾಚಣಿಗೆ
ನನ್ನ ತಲೆಗೆ, ವರ್ಷವಿಡೀ.
ಐಸುಮ್ಮನ ಮನೆಗೆ ತಟ್ಟೆ ಒಯ್ಯುವ ದಾರಿಯಲ್ಲಿ
ಎರಡು ನೆವ್ರಿ ಕಡಿಮೆಯಾಗುತ್ತಿತ್ತು.
ಅವಳು ಎಣಿಸಿ, ನನ್ನ ಬಾಯಿ ನೋಡಿ,
ಎಳ್ಳು ಒರೆಸಿಕೋ ಹೆಣ್ಣೇ, ಎನ್ನುತ್ತಿದ್ದಳು.

ಪ್ರತಿ ವರ್ಷ ಹುಲ್ಲಿನ ಮೇಲೆ ಒಂದು ಜಾಗ ಖಾಲಿ.
ಫೆಲಿಸ್ ಅಲ್ಲಿ ಚಪ್ಪಲಿಚಕ್ರದ ಗಾಡಿ ನಿಲ್ಲಿಸಿದ್ದ ಒಮ್ಮೆ,
ಇನ್ನೊಮ್ಮೆ ಗೋಲಿಸೋಡದ ಗೋಲಿ.
ರಾಯ ಎಲ್ಲಿ? ಎಂದರೆ
ಅಜ್ಜಿ ಕಾರ್ಮಿಣ್ ಬಾಯಿ ತಲೆಯೆತ್ತದೆ,
'ತಲಪಾಡಿ ಚೆಕ್‌ಪೋಸ್ಟಿನಲ್ಲಿ' ಎನ್ನುತ್ತಿದ್ದಳು.
'ಮಂಗಳೂರಿನ ಕಡೆಯಿಂದ ಬರುವವನು.
ಅವರು ಮಲಯಾಳದಲ್ಲಿ ಕೇಳುತ್ತಾರೆ,
ಅವನು ಕೊಂಕಣಿಯಲ್ಲಿ ಉತ್ತರ ಕೊಡುತ್ತಾನೆ.
ಪೆಟ್ಟಿಗೆಯಲ್ಲಿ ಏನು? ಸಾಂಬ್ರಾಣಿ.
ಬಿಲ್ಲು ಎಲ್ಲಿ? ಇಲ್ಲ.
ಹಾಗಾದರೆ ನಿಲ್ಲು.'
ಒಂಟೆ ಹೇಗೆ ಬಂತು ಹಾಗಾದರೆ?
'ಪ್ರಾಣಿಗಳಿಗೆ ಪರ್ಮಿಟ್ ಬೇಡ.'

ಮರುವರ್ಷ ಅವನಿಗೆ ಜ್ವರ,
ಅದರ ಮರುವರ್ಷ ಬಸ್ಸು ಮುಷ್ಕರ.
ನಾವು ನಂಬಿದ್ದೆವೋ?
ಅರ್ಧರಾತ್ರಿಯ ಪೂಜೆ ಮುಗಿಸಿ ಬರುವಾಗ
ಟಾರ್ಚಿನ ಬೆಳಕು ಯಾರ ಕಾಲ ಮೇಲೆ ಬಿದ್ದರೂ
ಚಪ್ಪಲಿ ನೋಡುತ್ತಿದ್ದೆವು,
ರಾಜರದ್ದು ಹೇಗಿರುತ್ತದೆಂದು ಗೊತ್ತಿಲ್ಲದೆ.

ಅಪ್ಪನ ಕಾರ್ಖಾನೆಯ ಹೊಗೆಗೊಳವೆಯಲ್ಲಿ ಈಗ ಆಲದ ಗಿಡ.
ಫೆಲಿಸ್ ಮಣ್ಣಾಗಿ ಆರು ಮಳೆಗಾಲ.
ಹೋದ ವರ್ಷ ಸೊಸೆ ಹೊಸ ಸೆಟ್ಟು ತಂದಳು,
ಬಣ್ಣದ್ದು, ಹಗುರದ್ದು, ಮೂವರಿಗೂ ಒಂದೇ ಮುಖ.
ಚೆಂದ ಉಂಟು, ಎಂದೆ. ಸುಳ್ಳಲ್ಲ.
ಆದರೆ ರಾತ್ರಿ ಎದ್ದು
ಒಬ್ಬನನ್ನು ತೆಗೆದು ಸಕ್ಕರೆ ಡಬ್ಬದ ಹಿಂದೆ ಇಟ್ಟೆ,
ಎಮ್ಮೆಯಂಥ ಆ ಒಂಟೆಯನ್ನು ತಂದು
ಖಾಲಿ ಜಾಗದ ಪಕ್ಕ ನಿಲ್ಲಿಸಿದೆ.

ಬೆಳಿಗ್ಗೆ ಮೊಮ್ಮಗಳು ಎಣಿಸಿದಳು.
'ಒಬ್ಬ ಕಮ್ಮಿ!'
ಚೆಕ್‌ಪೋಸ್ಟು ಮುಚ್ಚಿ ಎಷ್ಟೋ ಕಾಲವಾಯಿತು,
ಜ್ವರಕ್ಕೆ ಮಾತ್ರೆ ಬಂದಿದೆ.
ಹೊಸ ಸುಳ್ಳು ತಡವರಿಸಿದೆ:
'ಬಂದಿದ್ದಾನೆ ಮಗಾ, ಹೈವೇಯ ಆಚೆ ಬದಿ ನಿಂತಿದ್ದಾನೆ.
ಆರು ಲೇನು, ನಡುವೆ ಗೋಡೆ,
ಎಲ್ಲಿ ದಾಟುವುದೆಂದು ತಿಳಿಯುವುದಿಲ್ಲ.'

'ಅಂಡರ್‌ಪಾಸ್ ಉಂಟಲ್ಲ ಅಜ್ಜಿ,
ಅವನಿಗೆ ಯಾರೂ ಹೇಳಲಿಲ್ಲವಾ?'

ಉತ್ತರ ಹುಡುಕುವುದರೊಳಗೆ
ಹಾಡುಹಗಲೇ ಟಾರ್ಚು ಹಿಡಿದು
ಒಂದೇ ಚಪ್ಪಲಿ ಹಾಕಿಕೊಂಡು
ಅಂಗಳ ದಾಟಿದ್ದಳು.